ಟೇಪಿನ ಆ ತುದಿ

ಟೈಲರ್ ಅಳತೆಗೆಂದು ಟೇಪನ್ನು ನನ್ನ ಸೊಂಟಕ್ಕೆ ಸುತ್ತಿದಾಗ ಈಗಲೂ ಉಸಿರು ಬಿಗಿಹಿಡಿಯುತ್ತೇನೆ.

ಆಗ ನನಗೆ ಒಂಬತ್ತು ವರ್ಷ. ಮರಗಳನ್ನು ಅಳೆದು, ಕಡಿದರೆ ಎಷ್ಟು ಗಾಡಿ ಸೌದೆಯಾದೀತೆಂದು ಅಂದಾಜು ಬರೆಯುವುದು ಅಪ್ಪನ ಕೆಲಸ. ಶಾಲೆಗೆ ರಜೆಯೆಂದು ನನ್ನನ್ನೂ ಸೈಕಲ್ಲಿನಲ್ಲಿ ಕೂರಿಸಿಕೊಂಡು ಹುಣಸಮಾರನಹಳ್ಳಿಯ ಮಾವಿನ ತೋಪಿಗೆ ಹೋಗಿದ್ದರು.

“ಮೇಲೆ ಒಣಕೊಂಬೆ ಐತೆ, ಉಸಾರು ಸ್ವಾಮಿ,” ಎಂದ ತೋಪಿನ ಕಾವಲುಗಾರ ಮುನಿಯಪ್ಪ.

“ನೋಡಿದೀನಿ ಕಣಯ್ಯ. ಇದೊಂದು ಮುಗಿಸ್ಬಿಡ್ತೀನಿ,” ಎಂದು ಅಪ್ಪ ಟೇಪಿನ ತುದಿಯನ್ನು ನನ್ನ ಕೈಗಿತ್ತರು. “ಮರಕ್ಕೆ ಉಡುದಾರ ಕಟ್ಟೋಣ ಬಾ ಪುಟ್ಟಿ. ಇಲ್ಲಿ ಒತ್ತಿ ಹಿಡ್ಕೋ.”

ಎರಡೂ ಅಂಗೈಗಳಿಂದ ಅದನ್ನು ಒರಟು ತೊಗಟೆಗೆ ಒತ್ತಿ ಹಿಡಿದೆ. ಅಪ್ಪ ಟೇಪು ಬಿಚ್ಚುತ್ತ ದಪ್ಪ ಕಾಂಡದ ಆಚೆಗೆ ಮರೆಯಾದರು. ಟೇಪು ಬಿಗಿಯಾಯಿತು. ಮೇಲೆ ಏನೋ ಲಟಕ್ಕೆಂದು ಮುರಿಯಿತು. ನೆಲ ಅದುರಿತು, ಟೇಪು ಸಡಿಲವಾಯಿತು.

“ಎಷ್ಟಾಯ್ತು ಅಪ್ಪಾ?” ಎಂದೆ.

ಮುನಿಯಪ್ಪ ಆಚೆಗೆ ಓಡಿದ. ತನ್ನ ತಲೆವಸ್ತ್ರವನ್ನು ಅಪ್ಪನ ಮುಖಕ್ಕೆ ಹೊದಿಸಿ, ಬರಿತಲೆಯಲ್ಲಿ ನನ್ನ ಬಳಿ ಬಂದ. ತೊಗಟೆಯಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

“ಈ ಕಡೆಯಿಂದ್ಲೇ ಓಗಾನ ಬಾರವ್ವ,” ಎಂದ.