ಹಿಂದಿನ ಕಾವಲು

ಸುಂದರಬಾಯಿಯ ಸೈಕಲ್ ಚೈನು ಮತ್ತೆ ಬಿತ್ತು. ಅದೂ ಏರು ಅರ್ಧ ಹತ್ತಿದಾಗ.

ಕಾಸಿಂ ಒಂದು ಕಾಲು ನೆಲಕ್ಕೂರಿ ಹ್ಯಾಂಡಲ್ ಮೇಲೆ ಎದೆ ಚೆಲ್ಲಿ ನಿಂತ. ಬಾಯಿಗೆ ಬಂದ ಬೈಗುಳಕ್ಕೆ ಉಸಿರು ಸಾಲಲಿಲ್ಲ. ಮುಂದೆ ಹೋದವರ ಹಳದಿ ಅಂಗಿಗಳು ರಾಜೇಶ್ವರದ ದಾರಿಯಲ್ಲಿ ಕಾಳಿನಷ್ಟಾಗಿ ಕಾಣದಾದವು.

"ಬಾಯಾರ, ನಿಮ್ಮ ಚೈನಿಗೆ ಏರು ಕಂಡ್ರ ಜ್ವರ ಬರ್ತದೇನ್ರಿ?" ಎಂದ, ದಮ್ಮು ತಿರುಗಿ ಬಂದ ಮೇಲೆ.

"ಏನ್ ಮಾಡ್ಲಿ ಚಾಚಾ, ಹಳೇ ಸೈಕಲ್. ಅಷ್ಟರಾಗ ನೀವು ನೀರ ಕುಡೀರಿ."

ಕಾಸಿಂ ಕುಡಿದ. ತನ್ನ ಬಾಟಲಿ ಮೊದಲೇ ಖಾಲಿಯಾಗಿತ್ತು, ಆಕೆಯದನ್ನೂ ಮುಗಿಸಿದ. ಸುಂದರಬಾಯಿ ಮಗಳ ಹೆರಳು ಹಾಕುವವಳ ಹಾಗೆ ಅವಸರವಿಲ್ಲದೆ ಚೈನಿನ ಮುಂದೆ ಕೂತಿದ್ದಳು. ಎದ್ದಾಗ ಕೈಗೆ ಒಂಚೂರೂ ಮಸಿ ಇರಲಿಲ್ಲ. ನಾಜೂಕಿನ ಹೆಂಗಸು, ಇಂಥವರಿಗೆ ಸೈಕಲ್ ಯಾಕೆ ಬೇಕು ಎಂದುಕೊಂಡ.

ಬಸವಕಲ್ಯಾಣದ ಸೈಕಲ್ ಸಂಘಕ್ಕೆ ಸೇರಲು ಯಾವ ಪರೀಕ್ಷೆಯೂ ಇರಲಿಲ್ಲ. ಸೀಟಿನ ಮೇಲೆ ಕೂತು ಬೀಳದಿದ್ದರೆ ಸದಸ್ಯ. ಕಾಲೇಜು ಹುಡುಗರಿದ್ದರು, ಹೊಟ್ಟೆ ಹ್ಯಾಂಡಲ್‌ಗೆ ತಾಗುವ ಕಿರಾಣಿ ಸಾಹುಕಾರರಿದ್ದರು. ರವಿವಾರ ಬೆಳಿಗ್ಗೆ ಎಲ್ಲರೂ ಹುಮನಾಬಾದ್ ಕಡೆ ಹೊರಡುವುದು, ಅದರ ಪಕ್ಕದ ಮಾಣಿಕನಗರ ಮುಟ್ಟಿ ತಿಂಡಿ ತಿನ್ನುವುದು. ಕರಗಿದ ಕೊಬ್ಬಿಗಿಂತ ತಿಂದ ಪೂರಿಯೇ ಹೆಚ್ಚಾಗುತ್ತಿತ್ತು.

ಅಧ್ಯಕ್ಷ ಮಲ್ಲಿಕಾರ್ಜುನ, ಶಾಲೆಯೊಂದರ ಡ್ರಿಲ್ ಮಾಸ್ತರ. ಅವನ ನಿಯಮ ಒಂದೇ: ದಾರಿಯಲ್ಲಿ ಯಾರನ್ನೂ ಒಂಟಿ ಬಿಡಬಾರದು. ಕಾಸಿಂ ಸೇರಿದ ದಿನವೇ ಹೇಳಿದ್ದ: "ಎಲ್ಲಾರಕಿಂತ ಹಿಂದ ಒಬ್ರು ಗಟ್ಟಿ ಮಂದಿ ಕಾವಲಿರಬೇಕ್ರಿ. ಮೆಲ್ಲಗ ಬರೋರನ್ನ ಬಿಟ್ಟು ಅವ್ರು ಮುಂದ ಹೋಗಂಗಿಲ್ಲ. ಚಾಚಾ, ನೀವು ಸುಂದರಬಾಯಿ ಕೂಡಿ ಬರ್ರಿ."

ಇದೇ ರಸ್ತೆಯಲ್ಲಿ ನಿವೃತ್ತಿಯ ತನಕ ಬಸ್ಸು ಓಡಿಸಿದವನು ಕಾಸಿಂ. ಗಟ್ಟಿ ಮಂದಿ ಯಾರು ಎಂದು ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೆಲ್ಲಗೆ ಬರುವವಳು ಪಕ್ಕದಲ್ಲೇ ನಿಂತಿದ್ದಳು, ಅಂಗನವಾಡಿಯ ಸುಂದರಬಾಯಿ. ಏರು ಹತ್ತುವಾಗಲೂ ಆಕೆಯ ಬಾಯಿ ನಿಲ್ಲುತ್ತಿರಲಿಲ್ಲ. ಅಕ್ಕಪಕ್ಕದವರ ಮದುವೆ, ಜಗಳ, ಎಮ್ಮೆ ಈದದ್ದು, ಎಲ್ಲಾ ಒಂದೇ ಉಸಿರಿಗೆ. ಕಾಲಿನಲ್ಲಿ ಇಲ್ಲದ ಕಸುವೆಲ್ಲ ನಾಲಿಗೆಗೆ ಹೋಗಿದೆ ಎಂದು ಕಾಸಿಂನ ಲೆಕ್ಕ. ಬೆವರೂ ಬರುತ್ತಿರಲಿಲ್ಲ ಆಕೆಗೆ. ಮೈ ಬಗ್ಗಿಸಿದರೆ ತಾನೆ!

ಇದನ್ನೆಲ್ಲ ಸಹಿಸಿಕೊಳ್ಳಬಹುದಿತ್ತು, ಮಾಣಿಕನಗರದ ರಸ್ತೆ ಬದಿಯಲ್ಲೇ ಬೀಗ ಮಕ್ಬೂಲನ ಬಳೆ ಅಂಗಡಿ ಇರದಿದ್ದರೆ. ಮಗಳು ಅಕ್ಬರಿಯನ್ನು ಕೊಟ್ಟ ಮನೆ. ಪ್ರತಿ ರವಿವಾರ ಮಕ್ಬೂಲ ಚಹಾದ ಕಪ್ಪು ಹಿಡಿದು ಕಟ್ಟೆಯ ಮೇಲೆ ನಿಂತಿರುತ್ತಿದ್ದ. "ಬೀಗರ, ಬಸ್ಸೂ ಹಿಂಗೇ ಓಡಸ್ತಿದ್ರೇನು? ಪ್ಯಾಸೆಂಜರ್ ಇಳದು ನಡಕೋತ ಹೋಗಿರಬೇಕು!" ಗಿರಾಕಿಗಳು ನಗುತ್ತಿದ್ದರು. ಹೋದ ವಾರ ಅಕ್ಬರಿ ಬಾಗಿಲಲ್ಲಿದ್ದಳು. ಅವಳು ನಗಲಿಲ್ಲ. ತಲೆ ತಗ್ಗಿಸಿ ಒಳಗೆ ಹೋದಳು. ಕಾಸಿಂ ಅಂದು ತನ್ನ ಪೂರಿಯ ತಟ್ಟೆಯನ್ನು ಪಕ್ಕದವನ ಕಡೆ ಸರಿಸಿದ.

ಅದಕ್ಕೇ ನಿನ್ನೆ ಮಗಳಿಗೆ ಫೋನು ಮಾಡಿ ಹೇಳಿಬಿಟ್ಟಿದ್ದ: "ನಾಳೆ ಬಾಗಿಲದಾಗ ನಿಂದ್ರು. ನಿಮ್ಮಪ್ಪ ಮೊದಲ ಬರ್ತಾನ."

ರಾಜೇಶ್ವರದಲ್ಲಿ ಎಲ್ಲರೂ ಚಹಾ ಮುಗಿಸಿ ಕಾಯುತ್ತಿದ್ದರು. ಸದಾ ಮೊದಲು ಮುಟ್ಟುವ ಅನೀಲಕುಮಾರ "ಬಂತ್ರಿ, ನೈಟ್ ಹಾಲ್ಟ್ ಗಾಡಿ ಬಂತು" ಎಂದ.

ಕಾಸಿಂ ನೇರ ಮಲ್ಲಿಕಾರ್ಜುನನ ಮುಂದೆ ನಿಂತ. "ಮಾಸ್ತರ್ರ, ಈ ಕಾವಲು ಇವತ್ತ ನನಗ ಬ್ಯಾಡ್ರಿ. ಈ ಬಾಯಾರ ಜೋಡಿ ಬಂದ್ರ ಹುಮನಾಬಾದ್ ಮುಟ್ಟೂದರಾಗ ಈದ್ ಬರ್ತದ. ಬೀಗರ ಮುಂದ ನನ್ನ ಮಗಳ ಮಾರಿ ಸಣ್ಣದಾಗಾಕತ್ತದ. ಒಂದ್ ದಿನ ನಾ ಮೊದಲ ಹೋಗಬೇಕು."

ಅನೀಲಕುಮಾರ ಖಾಲಿ ಕಪ್ಪಿನೊಳಗೆ ಮುಖ ಇಟ್ಟ. ಮಲ್ಲಿಕಾರ್ಜುನ ಸುಂದರಬಾಯಿಯ ಕಡೆ ನೋಡಿದ.

"ಹೋಗ್ಲಿ ಬಿಡ್ರಿ ಸರ್," ಎಂದಳು ಆಕೆ. "ಹಿಂದಿಂದು ನಾ ನೋಡ್ಕೋತೀನಿ."

ಕಾಸಿಂಗೆ ಪಾಪ ಅನ್ನಿಸಿತು. "ಹುಷಾರ್ರಿ ಬಾಯಾರ. ನಾ ಇರಂಗಿಲ್ಲ."

"ಅದೇ ಚಿಂತಿ ನೋಡ್ರಿ ಚಾಚಾ."

ಕಾಸಿಂ ಹೊರಟ. ಮುಂದೆ ಯಾರ ಬೆನ್ನೂ ಇಲ್ಲದ ರಸ್ತೆ. ಎಷ್ಟೋ ವರ್ಷದ ಮೇಲೆ ಮತ್ತೆ ಡ್ರೈವರ್ ಸೀಟಿನಲ್ಲಿ ಕೂತ ಹಾಗಾಯಿತು. ಲಾರಿಗಳಿಗೆ ಗಂಟೆ ಬಾರಿಸಿದ. ಒಂದು ಏರಿನಲ್ಲಿ ಇಳಿದು ತಳ್ಳಿದ. ಹುಣಸೆ ಮರದ ಕೆಳಗೆ ಕೂತು ಕಾಲು ತಿಕ್ಕಿಕೊಂಡ. ಆದರೂ ಯಾರೂ ಅವನನ್ನು ದಾಟಲಿಲ್ಲ. ಇಷ್ಟು ದಿನ ತನ್ನ ವೇಗವನ್ನು ತಾನೇ ಕಟ್ಟಿಹಾಕಿಕೊಂಡಿದ್ದೆನಲ್ಲ ಎಂದು ಕಣ್ಣು ತುಂಬಿ ಬಂತು. ಹಿಂದಿರುಗಿ ನೋಡುವ ಗೋಜಿಗೆ ಹೋಗಲಿಲ್ಲ. ಗೆಲ್ಲುವವರು ನೋಡುವುದಿಲ್ಲ.

ಮಾಣಿಕನಗರದಲ್ಲಿ ಮಕ್ಬೂಲನ ಕೈಯ ಚಹಾ ತುಟಿಯ ಹತ್ತಿರವೇ ನಿಂತಿತು. ಅಕ್ಬರಿ ಓಡಿ ಬಂದು ಸೈಕಲ್ ಹಿಡಿದುಕೊಂಡಳು. "ಅಬ್ಬಾ! ಖರೇನ ಮೊದಲ ಬಂದ್ರಿ!"

"ಬರದ ಏನು?" ಕಾಸಿಂ ಬೀಗನಿಗೂ ಕೇಳುವಂತೆ ದನಿ ಎತ್ತಿದ. "ಇಷ್ಟ್ ದಿನ ಆ ಬಾಯಾರನ್ನ ಕಾಯೂದು ನನ್ನ ಕೊರಳಿಗಿತ್ತು. ಇವತ್ತ ಬಿಟ್ಟು ಬಂದೆ, ನೋಡು."

ಮಕ್ಬೂಲನ ಕಣ್ಣು ಕಾಸಿಂನ ಬೆನ್ನ ಹಿಂದಿತ್ತು. ಕಾಸಿಂ ತಿರುಗಿದ.

ಕೂಗಳತೆ ದೂರದಲ್ಲಿ ಇಡೀ ಸಂಘ ಒಂದು ಕಾಲು ನೆಲಕ್ಕೂರಿ ನಿಂತಿತ್ತು. ಒಬ್ಬರ ಮೈಮೇಲೂ ಬೆವರಿಲ್ಲ. ಅನೀಲಕುಮಾರ ಆಕಳಿಸುತ್ತಿದ್ದ. ಅವರೆಲ್ಲರ ಮುಂದೆ ರಸ್ತೆಗೆ ಅಡ್ಡಲಾಗಿ, ಅಂಗನವಾಡಿಯ ಮಕ್ಕಳನ್ನು ತಡೆಯುವ ಹಾಗೆ ಎರಡೂ ಕೈ ಚಾಚಿ ಸುಂದರಬಾಯಿ ನಿಂತಿದ್ದಳು.

ಮಲ್ಲಿಕಾರ್ಜುನ ಆಕೆಯ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ. ಆದರೆ ಡ್ರಿಲ್ ಮಾಸ್ತರರ ಪಿಸುಮಾತು ಓಣಿಗೆಲ್ಲ ಕೇಳುವಂಥದ್ದು: "ಇನ್ನರೆ ಕೈ ಇಳಸ್ರಿ ಬಾಯಾರ. ಚಾಚಾ ಮುಟ್ಟಿದ್ರು, ನಿಮ್ಮ ಕಾವಲು ಮುಗೀತು."