ಕಾಕಾ ಕೊಟ್ಟ ಕ್ಯಾಮೆರಾ

ಕಲ್ಲೋಳಿಯ ಮದುವೆ ಮಂಟಪದಲ್ಲಿ ಅಕ್ಷತೆಗೆ ಇನ್ನೆರಡೇ ನಿಮಿಷ ಇದ್ದಾಗ ಶೈಲಾಳ ಕ್ಯಾಮೆರಾದ ಪರದೆ ಮೇಲೆ ಕಪ್ಪು ಪಟ್ಟಿಗಳು ಓಡತೊಡಗಿದವು. ಶಟರ್ ವೇಗ ನೋಡಿದಳು: ಸಾವಿರ. ಟ್ಯೂಬ್‌ಲೈಟಿನಲ್ಲಿ ಐವತ್ತು ದಾಟಬಾರದು, ಪಟ್ಟಿ ಬೀಳುತ್ತವೆ ಎಂದು ಅವಳ ಬೆರಳು ಹಿಡಿದು ಕಲಿಸಿದವರೇ ಶಿದ್ಲಿಂಗಪ್ಪ ಕಾಕಾ. ಎಂಟು ವರ್ಷ ಅವರ ಕೈಕೆಳಗೆ ದುಡಿದವಳ ಮೊದಲ ಸ್ವಂತ ವಿಡಿಯೋ ಆರ್ಡರ್ ಇದು. ಬೆಳಿಗ್ಗೆ ತಮ್ಮ ಕ್ಯಾಮೆರಾ ಕೊಟ್ಟು, "ಮಂಟಪದ ಬೆಳಕಿಗೆ ತಕ್ಕಂಗ ಎಲ್ಲಾ ಸೆಟ್ ಮಾಡೇನಿ, ಏನೂ ಮುಟ್ಟಬ್ಯಾಡ" ಅಂದಿದ್ದರು. ಇಷ್ಟು ಹೊತ್ತು ಹೊರಗಿನ ಬಿಸಿಲಲ್ಲಿ ಏನೂ ಗೊತ್ತಾಗಿರಲಿಲ್ಲ.

"ಯಾಕ ಶೈಲಾ, ಪಟ್ಟಿ ಬರಾಕತ್ತಾವೇನು?" ಮುಂದಿನ ಸಾಲಿನಿಂದ ಕಾಕಾ ಕೇಳಿದರು. ಅಲ್ಲಿಂದ ಅವರಿಗೆ ಪರದೆ ಕಾಣುತ್ತಿರಲಿಲ್ಲ. ಅವರ ತೊಡೆಯ ಮೇಲೆ ಇನ್ನೊಂದು ಕ್ಯಾಮೆರಾ ಮುಚ್ಚಳ ತೆಗೆದು ತಯಾರಾಗಿತ್ತು. "ಇರ್ಲಿ ಬಿಡು, ನಾ ತಗೀತೀನಿ."

"ಹೌದ್ರಿ, ನೀವ ತಗೀರಿ" ಎಂದ ಕಾಕಾನ ಪಕ್ಕದಲ್ಲಿದ್ದ ವಧುವಿನ ಅಪ್ಪ.

ಶೈಲಾ ಕ್ಯಾಮೆರಾ ಬಿಟ್ಟುಕೊಡಲಿಲ್ಲ. ಕಾಕಾ ಹಿಡಿದು ಕಲಿಸಿದ ಅದೇ ಬೆರಳಿನಿಂದ ಶಟರ್ ಐವತ್ತಕ್ಕೆ ಇಳಿಸಿದಳು. ಪಟ್ಟಿಗಳು ಹೋದವು, ಆದರೆ ಚಿತ್ರ ಬಿಳಿಚಿಕೊಂಡಿತು. ಒಳಬರುವ ಬೆಳಕು ತಗ್ಗಿಸಿದಂತೆ ಮುಖಗಳು ಒಂದೊಂದಾಗಿ ತಿಳಿಯಾದವು. ರೆಕಾರ್ಡ್ ಒತ್ತಿದಳು.

"ಏನೂ ಆಗಿಲ್ರಿ ಕಾಕಾ. ನೀವು ಕೂತು ಅಕ್ಕಿಕಾಳು ಹಾಕ್ರಿ."

ವಾಜಂತ್ರಿಯವರ ವಾದ್ಯ ಜೋರಾಯಿತು. ವಧೂವರರ ತಲೆಯ ಮೇಲೆ ಅಕ್ಷತೆ ಬೀಳುವುದನ್ನು ಹಿಡಿದು, ಕ್ಯಾಮೆರಾವನ್ನು ಮೆಲ್ಲಗೆ ಜನರತ್ತ ತಿರುಗಿಸಿದಳು. ಎಲ್ಲರ ಕೈಗಳೂ ಮೇಲೆದ್ದಿದ್ದವು. ಮುಂದಿನ ಸಾಲಿನಲ್ಲಿ ಒಂದು ಮುಷ್ಟಿ ಮಾತ್ರ, ಅಕ್ಷತೆ ಹಿಡಿದುಕೊಂಡೇ, ತೊಡೆಯ ಮೇಲಿನ ಕ್ಯಾಮೆರಾದ ಪಕ್ಕದಲ್ಲಿ ಬಿಗಿಯಾಗಿತ್ತು.