‘ಅವರ್’ ಅಲ್ಲ, ‘ಮೈ’

ನಿವೃತ್ತ ಇಂಗ್ಲಿಷ್ ಮೇಷ್ಟ್ರು ಅಶ್ವತ್ಥಯ್ಯನವರಿಗೆ ವ್ಯಾಕರಣ ಕೆಟ್ಟರೆ ಊಟ ಸೇರುತ್ತಿರಲಿಲ್ಲ. ಆ ದಿನ ಪರಊರಿನ ಹೆಂಗಸೊಬ್ಬಳು ಅವರ ಜಗಲಿಯಲ್ಲಿ ಕೂತು ತಾನೇ ಇಂಗ್ಲಿಷಿನಲ್ಲಿ ಬರೆದ ಅರ್ಜಿಯೊಂದನ್ನು ಮುಂದಿಟ್ಟಳು. ಗಂಡ ಅವಳನ್ನೂ ಮಕ್ಕಳನ್ನೂ ಬಿಟ್ಟು ಓಡಿಹೋಗಿದ್ದ. ಅವನನ್ನು ಹಿಡಿಸಬೇಕಿತ್ತು. ಹೊಸ ಪೊಲೀಸ್ ಸಾಹೇಬರಿಗೆ ಕನ್ನಡ ಬರುತ್ತಿರಲಿಲ್ಲ.

ಮೇಷ್ಟ್ರ ಕೆಂಪು ಪೆನ್ನು ಮೊದಲ ಸಾಲಿಗೇ ನಿಂತಿತು.

“‘ಅವರ್ ಹಸ್ಬೆಂಡ್’ ಅಂತ ಬರೆದಿದ್ದೀಯಲ್ಲಮ್ಮ! ಕನ್ನಡದಲ್ಲಿ ‘ನಮ್ಮ ಯಜಮಾನ್ರು’ ಅಂದ್ರೆ ನಡೆಯುತ್ತೆ. ಇಂಗ್ಲಿಷಲ್ಲಿ ‘ಮೈ’ ಅನ್ನಬೇಕು. ‘ಅವರ್’ ಅಂದ್ರೆ ಗಂಡ ಊರ ಬಾವಿ ಥರ ಆಗೋಗ್ತಾನೆ.”

“ತಿದ್ದಬೇಡಿ ಮೇಷ್ಟ್ರೇ. ಯೋಚನೆ ಮಾಡೇ ಬರೆದಿದ್ದು. ಅವರು ಇನ್ನೊಬ್ಬಳಿಗೂ ತಾಳಿ ಕಟ್ಟಿದ್ದಾರೆ.”

ಮೇಷ್ಟ್ರ ಮುಖದ ನಗು ಆರಿತು.

“ಹಾಗಿದ್ರೆ ವ್ಯಾಕರಣ ಸರಿಯಾಗಿದೆ, ಗಂಡನೇ ಸರಿಯಿಲ್ಲ. ಜೈಲಿಗೆ ಹಾಕಿಸೋಣ. ಆ ಎರಡನೆಯವಳನ್ನೂ ಬಿಡಬಾರದು. ಯಾರು ಹೇಳು, ಅವಳ ಹೆಸರೂ ಸೇರಿಸ್ತೀನಿ.”

“ಬೇಡ ಮೇಷ್ಟ್ರೇ, ಪಾಪ. ನಾನಿರೋದೇ ಅವಳಿಗೆ ಗೊತ್ತಿಲ್ಲ.”

“ಹಿಂದುಮುಂದು ವಿಚಾರಿಸದೆ ಕೊರಳೊಡ್ಡಿದಳೇ? ಹೆತ್ತವರಿಗಾದರೂ ಬುದ್ಧಿ ಬೇಡವೇ? ಯಾರ ಮಗಳಮ್ಮ ಅವಳು?”

ಹೆಂಗಸು ತಲೆ ತಗ್ಗಿಸಿದಳು.

“ನಿಮ್ಮ ಮಗಳು.”